ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಇತಿಹಾಸದಲ್ಲಿ ರೋಗಿಯ ಸ್ಥಾನ

ವೈದ್ಯಶಾಸ್ತ್ರದ ಇತಿಹಾಸವು ಬಹುಮಟ್ಟಿಗೆ ವೈದ್ಯರ ಇತಿಹಾಸವಾಗಿಯೇ ರಚಿತವಾಗಿದೆ. ಯಾವ ಶಸ್ತ್ರಕ್ರಿಯೆಯನ್ನು ಯಾರು, ಯಾವಾಗ ಮೊದಲು ಮಾಡಿದರೆಂಬ ಪಟ್ಟಿಯಲ್ಲಿ ರೋಗಿಯು ಕೇವಲ ಒಂದು ಶರೀರವಾಗಿ ಉಳಿಯುತ್ತಾನೆ. ಚಿಕಿತ್ಸೆಯ ಹೊಸ್ತಿಲಲ್ಲಿ ನಿಂತಾಗ ಆತನು ಯಾವುದಕ್ಕೆ ಒಪ್ಪಿದನು, ಯಾವುದಕ್ಕೆ ಅಂಜಿದನು ಎಂಬ ಪ್ರಶ್ನೆಗಳೂ ಇತಿಹಾಸಕ್ಕೆ ಸೇರಿದವೆಂದು ನಾವು ಭಾವಿಸುತ್ತೇವೆ. ಕರುಳಿನ ಕ್ಯಾನ್ಸರ್ ಚಿಕಿತ್ಸೆಯ ಕೆಲವು ಘಟ್ಟಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇವೆ.

1776ರಲ್ಲಿ ಫ್ರಾನ್ಸಿನ ರೂಆನ್ ನಗರದ ಶಸ್ತ್ರವೈದ್ಯ ಪಿಲೋರ್‌ನ ಬಳಿಗೆ ಗುದನಾಳದ ಕ್ಯಾನ್ಸರಿನಿಂದ ಮಲಬಂಧವಾಗಿದ್ದ ಒಬ್ಬ ದ್ರಾಕ್ಷಾಮದ್ಯದ ವ್ಯಾಪಾರಿ ಬಂದನು. ಭಾರದಿಂದ ತಡೆಯನ್ನು ತಳ್ಳಿಕೊಂಡು ಹೊರಬಂದೀತೆಂಬ ನಂಬಿಕೆಯಿಂದ ಆತನಿಗೆ ಪಾದರಸವನ್ನು ಕುಡಿಸಲಾಗಿತ್ತು. ಅದರಿಂದಲೂ ಗುಣ ಕಾಣದಿರಲು, ಹೊಟ್ಟೆಯನ್ನು ಸೀಳಿ ದೊಡ್ಡ ಕರುಳಿನ ಆದಿಭಾಗದಲ್ಲಿ ಕೃತಕ ದ್ವಾರವೊಂದನ್ನು ಮಾಡುವುದಾಗಿ ಪಿಲೋರ್ ಸೂಚಿಸಿದನು. ಇತರ ವೈದ್ಯರು ಇದನ್ನು ಸಮ್ಮತಿಸಲಿಲ್ಲ, ರೋಗಿಯು ಸಮ್ಮತಿಸಿದನು. ಮಲಬಂಧವೇನೋ ಬಿಟ್ಟಿತು. ಆದರೆ ಒಳಗುಳಿದ ಪಾದರಸವು ಸಣ್ಣ ಕರುಳನ್ನು ಕೆಡಿಸಿದ್ದರಿಂದ ತಿಂಗಳು ತುಂಬುವ ಮೊದಲೇ ಆತನು ತೀರಿಕೊಂಡನು. ಮಗನ ಮೂಲಕ ದೊರೆತ ಪಿಲೋರ್‌ನ ಈ ವೃತ್ತಾಂತವನ್ನು ಆಮ್ಯೂಸಾ ಎಂಬ ಶಸ್ತ್ರವೈದ್ಯನು 1839ರಲ್ಲಿ ಪ್ರಕಟಿಸಿದನು. ಹೀಗೆ ರೋಗಿಯ ಧೈರ್ಯವೂ ನಮಗೆ ವೈದ್ಯನ ಲೇಖನಿಯಿಂದಲೇ ತಿಳಿದುಬರುತ್ತದೆ.

ಆಮ್ಯೂಸಾನು ಈ ವಿಷಯಕ್ಕೆ ಕೈಹಾಕಲು ಕಾರಣವಾದುದೂ ಒಬ್ಬ ರೋಗಿಯ ಸಾವೇ. ಪ್ಯಾರಿಸಿನ ಪ್ರಸಿದ್ಧ ವೈದ್ಯ ಬ್ರೂಸ್ಸೆ 1838ರಲ್ಲಿ ಗುದನಾಳದ ಕ್ಯಾನ್ಸರಿಗೆ ಬಲಿಯಾದನು. ಜಿಗಣೆ ಹಚ್ಚಿ ರಕ್ತ ತೆಗೆಯುವ ಚಿಕಿತ್ಸೆಯ ಮಹಾಪ್ರತಿಪಾದಕನಾಗಿದ್ದ ಆತನೂ ಈ ರೋಗದೆದುರು ನಿಸ್ಸಹಾಯಕನಾದನು. ಅರಿವಳಿಕೆಯ ಪ್ರಯೋಗವು ಪ್ರಚಾರಕ್ಕೆ ಬಂದುದು 1846ರ ಅನಂತರ. ಅಲ್ಲಿಯವರೆಗೆ ಶಸ್ತ್ರಕ್ಕೆ ಒಪ್ಪುವುದೆಂದರೆ ಪೂರ್ಣ ಎಚ್ಚರದಲ್ಲಿ ನೋವನ್ನು ಸಹಿಸಲು ಒಪ್ಪುವುದೇ ಆಗಿತ್ತು.

ಅರಿವಳಿಕೆ ಬಂದ ಮೇಲೆ ನೋವು ಶಮನವಾಯಿತು, ಅಪಾಯ ನೀಗಲಿಲ್ಲ. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಹಳೆಯ ವಿಧಾನದಂತೆ ಶಸ್ತ್ರಕ್ರಿಯೆ ನಡೆಸಿದ 57 ರೋಗಿಗಳ ಪೈಕಿ 54 ಮಂದಿಯಲ್ಲಿ ರೋಗವು ಮರುಕಳಿಸಿತು. ಸೋಲನ್ನು ಮುಚ್ಚಿಡದೆ, ಮೃತರ ಶರೀರಗಳನ್ನು ಪರೀಕ್ಷಿಸಿ, ರೋಗವು ಮೇಲ್ಮುಖವಾಗಿಯೂ ಹರಡುವುದನ್ನು ಆತನು ಕಂಡುಕೊಂಡನು. 1908ರಲ್ಲಿ ಆತನು ಪ್ರಕಟಿಸಿದ ಹೊಸ ವಿಧಾನದಲ್ಲಿ ಹೊಟ್ಟೆಯ ಕಡೆಯಿಂದಲೂ ಕೆಳಗಿನಿಂದಲೂ ಗುದನಾಳವನ್ನು ಸಂಪೂರ್ಣವಾಗಿ ತೆಗೆಯಲಾಗುತ್ತಿತ್ತು. ಮೊದಲ 12 ಮಂದಿಯಲ್ಲಿ 5 ಮಂದಿ ಉಳಿಯಲಿಲ್ಲ. ಉಳಿದವರಿಗೆ ಹೊಟ್ಟೆಯ ಮೇಲಿನ ಕೃತಕ ದ್ವಾರವು ಬಾಳಿನುದ್ದಕ್ಕೂ ಜೊತೆಗಿರತಕ್ಕದ್ದಾಯಿತು.

ಬದುಕುಳಿದವನು ನಾಲ್ಕು ಜನರ ನಡುವೆ ಕುಳಿತುಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರವು ಶಸ್ತ್ರವೈದ್ಯರಿಂದ ಬರಲಿಲ್ಲ. ಇಂಥ ದ್ವಾರವನ್ನು ಪಡೆದ ತನ್ನ ತಂಗಿಯು ಮನೆಯಿಂದ ಹೊರಬರಲು ನಾಚುತ್ತಿದ್ದುದನ್ನು ಕಂಡು, ಡೆನ್ಮಾರ್ಕಿನ ದಾದಿ ಎಲಿಸೆ ಸೋರೆನ್ಸೆನ್ 1954ರಲ್ಲಿ ಚರ್ಮಕ್ಕೆ ಅಂಟಿಕೊಳ್ಳುವ, ಒಮ್ಮೆ ಬಳಸಿ ಎಸೆಯಬಹುದಾದ ಚೀಲವೊಂದನ್ನು ಕಲ್ಪಿಸಿದಳು. ಶಸ್ತ್ರಕ್ರಿಯೆಯ ಸಾಧನೆಗಳ ಸಾಲಿನಲ್ಲಿ ಈ ಹೆಸರು ವಿರಳವಾಗಿ ಕಾಣುತ್ತದೆಯಾದರೂ, ರೋಗಿಯ ಬಾಳಿಗೆ ಇದರ ಬೆಲೆ ಮೈಲ್ಸನ ವಿಧಾನಕ್ಕಿಂತ ಕಡಿಮೆಯದಲ್ಲ.

ಇಂದು ಗುದನಾಳದ ಕ್ಯಾನ್ಸರಿಗೆ ಶಸ್ತ್ರಕ್ಕೆ ಮೊದಲೇ ವಿಕಿರಣ ಚಿಕಿತ್ಸೆಯನ್ನೂ ಔಷಧಗಳನ್ನೂ ಕೊಡುವುದುಂಟು; ಅನೇಕರಿಗೆ ಶಾಶ್ವತ ದ್ವಾರದ ಅಗತ್ಯವೇ ಬೀಳುವುದಿಲ್ಲ. ಅಗತ್ಯವಾದವರಿಗೆ ಶಸ್ತ್ರಕ್ರಿಯೆಯ ಮುನ್ನ ತರಬೇತಿ ಪಡೆದ ದಾದಿಯು ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಿ, ದ್ವಾರದ ಸ್ಥಳವನ್ನು ಹೊಟ್ಟೆಯ ಮೇಲೆ ಗುರುತುಮಾಡುತ್ತಾಳೆ. ಉಡುಪು ಬಿಗಿಯುವ ಜಾಗವನ್ನು, ಎಂದರೆ ನಮ್ಮಲ್ಲಿ ಪಂಚೆಯ ಅಥವಾ ಸೀರೆಯ ಕಟ್ಟು ಬರುವೆಡೆಯನ್ನು, ಬಿಟ್ಟು ಗುರುತು ಹಾಕಬೇಕು. ಆ ಗುರುತು ರೋಗಿಯ ಕಣ್ಣಿಗೂ ಕಾಣುವಂತಿರಬೇಕು. ಶಸ್ತ್ರವೈದ್ಯನ ಕತ್ತಿಯು ರೋಗಿಯ ನಿತ್ಯಜೀವನವನ್ನು ಕೇಳಿಕೊಂಡು ಚಲಿಸುವುದೆಂಬುದು ಸಣ್ಣ ಬದಲಾವಣೆಯಲ್ಲ. ರೂಆನ್‌ನ ವ್ಯಾಪಾರಿಯಿಂದ ಈ ಗುರುತಿನವರೆಗಿನ ಹಾದಿಯನ್ನು ವೈದ್ಯರ ಹೆಸರುಗಳಿಂದ ಮಾತ್ರ ಅಳೆದರೆ ಇತಿಹಾಸವು ಅರ್ಧವಾಗಿಯೇ ಉಳಿಯುವುದು.