ಮಟಾಟುವಿನಿಂದ ವಿದ್ಯುತ್ ಬಸ್ಸಿನವರೆಗೆ: ಆಫ್ರಿಕಾದ ನಗರ ಸಾರಿಗೆಯ ಹಾದಿ

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಬಹುತೇಕ ನಗರಗಳಲ್ಲಿ ಜನರನ್ನು ಸಾಗಿಸುವ ಹೊರೆಯನ್ನು ಹೊತ್ತಿರುವುದು ಸರಕಾರಿ ಬಸ್ಸಲ್ಲ, ಖಾಸಗಿಯವರ ಮಿನಿಬಸ್ಸು. ನೈರೋಬಿಯಲ್ಲಿ ಅದಕ್ಕೆ ಮಟಾಟು ಎಂದೂ ದಾರ್ ಎಸ್ ಸಲಾಮ್‌ನಲ್ಲಿ ಡಲಾಡಲಾ ಎಂದೂ ಲಾಗೋಸ್‌ನಲ್ಲಿ ಡಾನ್ಫೊ ಎಂದೂ ಹೆಸರು. ಸ್ವಾಹಿಲಿಯಲ್ಲಿ ‘ಟಾಟು’ ಎಂದರೆ ಮೂರು. ಒಂದು ಕಾಲಕ್ಕೆ ಹತ್ತು ಸೆಂಟಿನ ಮೂರು ನಾಣ್ಯಗಳೇ ಪ್ರಯಾಣದರವಾಗಿದ್ದುದರಿಂದ ಮಟಾಟುವಿಗೆ ಆ ಹೆಸರು ಬಂದಿತೆನ್ನುತ್ತಾರೆ. ಕೆನ್ಯಾದ ಅಧ್ಯಕ್ಷ ಜೋಮೊ ಕೆನ್ಯಾಟಾ 1973ರಲ್ಲಿ ಈ ಗಾಡಿಗಳ ಓಡಾಟಕ್ಕೆ ಅನುಮತಿ ಕೊಟ್ಟರು; ಮುಂದೆ, ಸಾಲದ ಷರತ್ತುಗಳಿಗೆ ಸಿಕ್ಕಿದ ಸರಕಾರಗಳು ಬಸ್ ಕಂಪನಿಗಳ ಕೈಬಿಟ್ಟಾಗ, ತೆರವಾದ ಜಾಗವನ್ನು ಹಲವು ನಗರಗಳಲ್ಲಿ ಇಂಥ ಗಾಡಿಗಳೇ ತುಂಬಿದವು. ಅಧ್ಯಯನಕಾರರು ಇದನ್ನು ‘ಅನೌಪಚಾರಿಕ ಸಾರಿಗೆ’ ಎಂದು ಕರೆಯುತ್ತಾರಾದರೂ ಆ ಮಾತು ಅಷ್ಟೇನೂ ಸಮರ್ಪಕವಲ್ಲ, ಏಕೆಂದರೆ ಇದಕ್ಕೂ ತನ್ನದೇ ಸಂಘಗಳಿವೆ, ಮಾರ್ಗಗಳಿವೆ, ಮೀರಲಾಗದ ಕಟ್ಟುಪಾಡುಗಳಿವೆ.

ಈ ವ್ಯವಸ್ಥೆಯ ತಿರುಳು ದಿನದ ಬಾಡಿಗೆಯಲ್ಲಿದೆ. ಚಾಲಕ ಮಾಲೀಕನಿಗೆ ದಿನಕ್ಕಿಷ್ಟು ಎಂದು ಗೊತ್ತಾದ ಹಣ ಕಟ್ಟಬೇಕು, ಇಂಧನದ ಖರ್ಚನ್ನೂ ತಾನೇ ಭರಿಸಬೇಕು. ಉಳಿದದ್ದು ಅವನದೂ ಕಂಡಕ್ಟರನದೂ (ಬೆಂಗಳೂರಿನ ಬಾಡಿಗೆ ಆಟೋದ ಲೆಕ್ಕವೂ ಇದೇ). ಆದ್ದರಿಂದ ಗಾಡಿ ತುಂಬುವವರೆಗೆ ನಿಲ್ದಾಣ ಬಿಡುವುದಿಲ್ಲ. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಊರಿನ ಹೆಸರು ಕೂಗುತ್ತಾನೆ, ತುಂಬಿತೆಂದೊಡನೆ ಗಾಡಿಯ ಮೈಯನ್ನು ಅಂಗೈಯಿಂದ ಬಡಿಯುತ್ತಾನೆ, ಅಲ್ಲಿಂದಾಚೆಗೆ ಮುಂದಿನ ಗಾಡಿಯನ್ನು ಹಿಂದಿಕ್ಕುವ ಓಟ ಆರಂಭವಾಗುತ್ತದೆ. ಹೊಗೆ, ಅಪಘಾತ, ಕಿಕ್ಕಿರಿದ ಸೀಟು ಇವುಗಳನ್ನು ಚಾಲಕನ ಅಶಿಸ್ತಿನ ಫಲವೆಂದು ಬಗೆದ ಸರಕಾರಗಳು ಮೊದಮೊದಲು ದಂಡದ ದಾರಿಯನ್ನೇ ಹಿಡಿದವು. ಕೆನ್ಯಾದ ಸಾರಿಗೆ ಸಚಿವ ಜಾನ್ ಮಿಚುಕಿ 2004ರಲ್ಲಿ ಸೀಟ್‌ಬೆಲ್ಟನ್ನೂ ವೇಗಮಿತಿ ಸಾಧನವನ್ನೂ ಕಡ್ಡಾಯ ಮಾಡಿದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ. ಆದರೆ ದಿನದ ಬಾಡಿಗೆಯ ಲೆಕ್ಕ ಹಾಗೆಯೇ ಉಳಿಯಿತು.

ಗಾಳಿಯನ್ನು ಶುದ್ಧಗೊಳಿಸುವ ಯತ್ನದಲ್ಲಿ ಮೊದಲ ದೊಡ್ಡ ಯಶಸ್ಸು ಇಂಧನದ ಕಡೆಯಿಂದ ಬಂದಿತು. ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವಾದ ಸೀಸವನ್ನು ಪೆಟ್ರೋಲಿನಿಂದ ತೆಗೆದುಹಾಕಲು ಹಲವು ದೇಶಗಳು 2001ರಲ್ಲಿ ಸೆನೆಗಲ್‌ನ ರಾಜಧಾನಿ ಡಾಕಾರ್‌ನಲ್ಲಿ ಸೇರಿ ಒಪ್ಪಿದವು. 2006ರ ಆರಂಭದ ವೇಳೆಗೆ ಸಹಾರಾದ ದಕ್ಷಿಣದ ದೇಶಗಳು ಅದನ್ನು ಸಾಧಿಸಿದವು. ಜಗತ್ತಿನಲ್ಲೇ ಕೊನೆಯದಾಗಿ ಅಲ್ಜೀರಿಯ 2021ರಲ್ಲಿ ಸೀಸದ ಪೆಟ್ರೋಲ್ ಮಾರಾಟವನ್ನು ನಿಲ್ಲಿಸಿತು. ಇಲ್ಲಿ ಒಪ್ಪಿಸಬೇಕಾಗಿದ್ದವರು ಕೆಲವೇ ತೈಲಾಗಾರಗಳು ಮತ್ತು ಆಮದುದಾರರು ಎಂಬುದನ್ನು ಮರೆಯುವಂತಿಲ್ಲ. ಒಂದೊಂದು ಊರಿನಲ್ಲೂ ಸಾವಿರಾರು ಮಂದಿಯ ಕೈಯಲ್ಲಿರುವ, ಹೆಚ್ಚಾಗಿ ಯುರೋಪ್, ಜಪಾನ್‌ಗಳಲ್ಲಿ ಬಳಸಿ ಬಿಟ್ಟ ಹಳೆಯ ಗಾಡಿಗಳ ವಿಷಯ ಹಾಗಲ್ಲ.

ಆ ಸಾವಿರಾರು ಮಂದಿಯೊಡನೆ ಮಾತಿಗೆ ಕೂರುವುದು ಅನಿವಾರ್ಯವಾದದ್ದು ಬಿ.ಆರ್.ಟಿ. (ಬಸ್ ರಾಪಿಡ್ ಟ್ರಾನ್ಸಿಟ್) ಬಂದ ಮೇಲೆ. ಬಸ್ಸಿಗೆಂದೇ ಮೀಸಲಾದ ಪಥ, ಹತ್ತುವ ಮೊದಲೇ ಟಿಕೆಟ್, ಬಸ್ಸಿನ ನೆಲಕ್ಕೆ ಸಮನಾದ ಎತ್ತರದ ನಿಲ್ದಾಣ, ಇವು ಆ ಪದ್ಧತಿಯ ಲಕ್ಷಣಗಳು. ಲಾಗೋಸ್ 2008ರಲ್ಲಿ 22 ಕಿ.ಮೀ. ಮಾರ್ಗದೊಂದಿಗೆ, ತುಸು ಸರಳ ರೂಪದಲ್ಲಿ, ಇದನ್ನು ಆರಂಭಿಸಿತು. ಮರುವರ್ಷ ಹೊರಟ ಜೋಹಾನ್ಸ್‌ಬರ್ಗ್‌ನ ‘ರಿಯಾ ವಾಯಾ’ ಯೋಜನೆಯಲ್ಲಿ, ಆ ಮಾರ್ಗದಲ್ಲಿ ಓಡುತ್ತಿದ್ದ ಮಿನಿಬಸ್ ಟ್ಯಾಕ್ಸಿಗಳ ಮಾಲೀಕರು ದೀರ್ಘ ಮಾತುಕತೆಯ ನಂತರ ತಮ್ಮ ಗಾಡಿಗಳನ್ನು ಹಿಂತೆಗೆದುಕೊಂಡರು. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಬಸ್ ನಡೆಸುವ ಕಂಪನಿಯ ಪಾಲುದಾರರಾದರು. ಡಾಕಾರ್ ಇನ್ನೂ ತಾಳ್ಮೆಯಿಂದ ನಡೆಯಿತು. ಅಲ್ಲಿ 1997ರಲ್ಲಿ ನಗರ ಸಾರಿಗೆಗೆಂದೇ ಒಂದು ಪ್ರಾಧಿಕಾರ ಹುಟ್ಟಿತು. ನೀಲಿ, ಹಳದಿ ಬಣ್ಣದ ಹಳೆಯ ‘ಕಾರ್ ರಾಪಿಡ್’ಗಳ ಮಾಲೀಕರನ್ನು ಗುಂಪುಗಳಾಗಿ ಕೂಡಿಸಿ, ಸಾಲ ಕೊಟ್ಟು, ಹೊಸ ಮಿನಿಬಸ್ಸುಗಳಿಗೆ ಹೊರಳಿಸಲಾಯಿತು. 2024ರಲ್ಲಿ ಅಲ್ಲಿ 18.3 ಕಿ.ಮೀ. ಉದ್ದದ ಪಥದಲ್ಲಿ 121 ವಿದ್ಯುತ್ ಬಸ್ಸುಗಳ ಬಿ.ಆರ್.ಟಿ. ಆರಂಭವಾಯಿತು. ಸೆನೆಗಲ್‌ನ ವಿದ್ಯುತ್ತಿನ ದೊಡ್ಡ ಪಾಲು ಇನ್ನೂ ಇಂಧನ ಸುಟ್ಟೇ ಬರುವುದರಿಂದ ಹೊಗೆಯಲ್ಲಿ ಒಂದಷ್ಟು ರಸ್ತೆಯಿಂದ ಸ್ಥಾವರಕ್ಕೆ ಜಾಗ ಬದಲಿಸಿದೆ ಎನ್ನಬೇಕು.

ಎಲ್ಲರನ್ನೂ ಒಳಗೊಳ್ಳುವ ಸಾರಿಗೆ ಎಂಬ ವಿಚಾರ ತಡವಾಗಿ ಮುನ್ನೆಲೆಗೆ ಬಂದಿತು. ನೈರೋಬಿಯ ಮಟಾಟು ನಿಲ್ದಾಣವೊಂದರಲ್ಲಿ ಮಹಿಳೆಯೊಬ್ಬರ ಬಟ್ಟೆ ಹರಿದು ಅವಮಾನಿಸಿದ ಕೃತ್ಯದ ವಿರುದ್ಧ 2014ರ ನವೆಂಬರಿನಲ್ಲಿ ಹೆಂಗಸರು ಬೀದಿಗಿಳಿದ ಮೇಲೆ, ಮಾರ್ಗ ಮತ್ತು ದರಗಳಷ್ಟೇ ಸುರಕ್ಷತೆಯೂ ಸಾರಿಗೆಯ ಪ್ರಶ್ನೆ ಎಂಬುದು ಅಲ್ಲಗಳೆಯಲಾಗದಂತಾಯಿತು. ಅದೇ ವರ್ಷ ನೈರೋಬಿ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಎಂ.ಐ.ಟಿ., ಕೊಲಂಬಿಯಾ ವಿಶ್ವವಿದ್ಯಾಲಯಗಳ ತಂಡ ಮಟಾಟು ಮಾರ್ಗಗಳ ನಕ್ಷೆಯನ್ನು ಹೊರತಂದಿತು. ವಿದ್ಯಾರ್ಥಿಗಳು ಮೊಬೈಲ್ ಹಿಡಿದು, ಅದೇ ಗಾಡಿಗಳಲ್ಲಿ ಕುಳಿತು, ಒಂದೊಂದು ನಿಲುಗಡೆಯನ್ನೂ ಗುರುತಿಸಿದ್ದರು. ಆದರೆ ನಡೆದೇ ಕೆಲಸಕ್ಕೆ ಹೋಗುವ ಬಹುಸಂಖ್ಯಾತ ಬಡವರಿಗೆ ಇಂಥ ನಕ್ಷೆಗಿಂತ ಮೊದಲು ಬೇಕಾದದ್ದು ಫುಟ್‌ಪಾತ್. ಹಣದ ಹಂಚಿಕೆಯಲ್ಲಿ ಅದು ಸದಾ ಕೊನೆಯ ಸಾಲಿನಲ್ಲೇ ನಿಲ್ಲುತ್ತದೆ.

ಈಚಿನ ಪ್ರಯೋಗಗಳು ಬ್ಯಾಟರಿಯ ಸುತ್ತ ನಡೆದಿವೆ. ರುವಾಂಡಾದ ಕಿಗಾಲಿಯಲ್ಲಿ ಬಾಡಿಗೆ ಬೈಕಿನ ಸವಾರ ಖಾಲಿ ಬ್ಯಾಟರಿಯನ್ನು ಕೊಟ್ಟು, ಚಾರ್ಜಾದದ್ದನ್ನು ಪಡೆದು, ಕೆಲವೇ ನಿಮಿಷಗಳಲ್ಲಿ ಮತ್ತೆ ರಸ್ತೆಗಿಳಿಯುತ್ತಾನೆ. ನೈರೋಬಿಯಲ್ಲಿ ಬೇಸಿಗೊ ಕಂಪನಿ 2022ರಿಂದ ವಿದ್ಯುತ್ ಬಸ್ಸುಗಳನ್ನು ಹಳೆಯ ಮಾಲೀಕರಿಗೇ ಒದಗಿಸುತ್ತಿದೆ. ಬ್ಯಾಟರಿಯ ದುಬಾರಿ ಬೆಲೆಯನ್ನು ಒಮ್ಮೆಲೇ ತೆರಬೇಕಿಲ್ಲ, ಬಸ್ಸು ಓಡಿದಷ್ಟು ಕಿಲೋಮೀಟರಿಗೆ ಬಾಡಿಗೆ ಕಟ್ಟಿದರೆ ಸಾಕು. ಕೆನ್ಯಾದ ವಿದ್ಯುತ್ತಿನ ಹೆಚ್ಚಿನ ಪಾಲು ಭೂಶಾಖ, ನೀರು, ಗಾಳಿಗಳಿಂದ ಬರುವುದರಿಂದ ಇಲ್ಲಿ ಹೊಗೆ ನಿಜಕ್ಕೂ ತಗ್ಗುತ್ತದೆ. ಆದರೆ ಖಾಲಿ ಓಡಿದ ಕಿಲೋಮೀಟರಿಗೂ ಬಾಡಿಗೆ ತಪ್ಪದ ಕಾರಣ, ಬಸ್ಸು ತುಂಬುವವರೆಗೆ ನಿಲ್ದಾಣದಲ್ಲೇ ಕಾಯುವ ಆಸೆ ಬ್ಯಾಟರಿಯ ಗಾಡಿಗೂ ಅಂಟಿಕೊಂಡೇ ಬಂದಿದೆ.