ನೂಲೆಣಿಸುವ ಮಸೂರದಿಂದ ಕಫದ ಸ್ಲೈಡಿನವರೆಗೆ

ಬ್ಯಾಕ್ಟೀರಿಯಗಳನ್ನು ಮೊಟ್ಟಮೊದಲು ಕಂಡವನು ವೈದ್ಯನೂ ಅಲ್ಲ, ವಿಶ್ವವಿದ್ಯಾಲಯದಲ್ಲಿ ಓದಿದವನೂ ಅಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಆಂಟೊನಿ ವಾನ್ ಲೇವನ್‌ಹುಕ್ (1632–1723) ಎಂಬ ವ್ಯಾಪಾರಿ. ಬಟ್ಟೆಯ ಗುಣ ನೋಡಲು ನೂಲೆಣಿಸುವ ಮಸೂರ ಆ ಕಾಲದ ಜವಳಿಯವರ ಕೈಯಲ್ಲಿ ಇರುತ್ತಿತ್ತು. ಅವನು ಬ್ಯಾಕ್ಟೀರಿಯ ಕಂಡ ಸುಮಾರು ಇನ್ನೂರು ವರ್ಷಕ್ಕೆ ರೋಗಾಣುಗಳನ್ನು ಗುರುತು ಹಿಡಿಯಲು ನೆರವಾದ ಬಣ್ಣಗಳು ಕೂಡ ಬಟ್ಟೆಗೆ ಹಾಕಲೆಂದೇ ತಯಾರಾದವು. ಇಳಕಲ್ಲಿನಲ್ಲಿ ಸೀರೆ, ಗುಳೇದಗುಡ್ಡದಲ್ಲಿ ಖಣ ನೇಯುವ ಬಾಗಲಕೋಟೆ ಜಿಲ್ಲೆಯ ಓದುಗರಿಗೆ ಈ ಚರಿತ್ರೆ ದೂರದ್ದು ಅನಿಸಬೇಕಾಗಿಲ್ಲ.

ಸೂಕ್ಷ್ಮದರ್ಶಕದ ಕಥೆಯನ್ನು ಎಷ್ಟು ಪಟ್ಟು ದೊಡ್ಡದು ಮಾಡಿದರು ಎಂಬ ಲೆಕ್ಕದಲ್ಲಿ ಹೇಳುವುದು ರೂಢಿ. ಆದರೆ ಈ ವಿದ್ಯೆ ಮುಂದೆ ಹೋದದ್ದು ಬೇರೆ ಮೂರು ಹೆಜ್ಜೆಗಳಿಂದ: ಒತ್ತಾಗಿ ಇರುವ ಎರಡನ್ನು ಬಿಡಿಸಿ ತೋರಿಸುವುದು, ಬಣ್ಣವಿಲ್ಲದ ಜೀವಿಗೆ ಬಣ್ಣ ಕಟ್ಟುವುದು, ಕಂಡದ್ದು ಏನೆಂದು ಹೇಳಬಲ್ಲ ಕಣ್ಣನ್ನು ಊರೂರಿನಲ್ಲಿ ತಯಾರು ಮಾಡುವುದು.

ಮೆಣಸಿನ ನೀರು

1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ 'ಮೈಕ್ರೊಗ್ರಾಫಿಯ' ಎಂಬ ಚಿತ್ರಗ್ರಂಥ ಪ್ರಕಟಿಸಿ ಚಿಗಟ, ಬೂಷ್ಟು, ಬೆಂಡಿನ ಕೋಶಗಳನ್ನು ಓದುಗರ ಮುಂದಿಟ್ಟ. ಹುಕ್‌ನ ಉಪಕರಣದಲ್ಲಿ ಒಂದಕ್ಕಿಂತ ಹೆಚ್ಚು ಮಸೂರಗಳಿದ್ದವು. ಅವುಗಳ ದೋಷವೆಲ್ಲ ಒಂದಕ್ಕೊಂದು ಸೇರಿ ಚಿತ್ರ ಮಸುಕಾಗುತ್ತಿತ್ತು. ಲೇವನ್‌ಹುಕ್ ಒಂದೇ ಒಂದು ಮಸೂರ ನೆಚ್ಚಿದ. ಜೋಳದ ಕಾಳಿಗಿಂತ ಚಿಕ್ಕದಾದ ಗಾಜಿನ ಮಣಿಯನ್ನು ತಾನೇ ಉಜ್ಜಿ, ಲೋಹದ ಎರಡು ತಗಡುಗಳ ನಡುವೆ ಕೂರಿಸಿ, ಕಣ್ಣಿಗೆ ಒತ್ತಿ ಹಿಡಿದು ನೋಡುತ್ತಿದ್ದ. ಉಳಿದುಬಂದಿರುವ ಅವನ ಮಸೂರಗಳಲ್ಲಿ ಅತ್ಯುತ್ತಮವಾದದ್ದು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

1674ರಲ್ಲಿ ಕೆರೆಯ ನೀರಿನಲ್ಲಿ ಅವನಿಗೆ ಹರಿದಾಡುವ ಜೀವಿಗಳು ಕಂಡವು. ಮುಂದೆ ಕರಿಮೆಣಸು ಯಾಕೆ ಖಾರ ಎಂಬ ಪ್ರಶ್ನೆ ಅವನ ತಲೆ ಹೊಕ್ಕಿತು. ಕಾಳಿಗೆ ಮುಳ್ಳಿನಂಥದ್ದು ಏನಾದರೂ ಇದ್ದೀತೆಂದು ಮೆಣಸನ್ನು ನೀರಲ್ಲಿ ನೆನೆಹಾಕಿದ. ಖಾರದ ಗುಟ್ಟು ಸಿಗಲಿಲ್ಲ. ನೆನೆದ ನೀರಿನಲ್ಲಿ ಹಿಂದೆ ಕಂಡವುಗಳಿಗಿಂತ ಬಹಳ ಸಣ್ಣ ಜೀವಿಗಳು ಕಂಡವು. 1676ರ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಬರೆದ ಪತ್ರ ಬ್ಯಾಕ್ಟೀರಿಯಗಳ ಮೊದಲ ವರ್ಣನೆ ಎನಿಸಿಕೊಂಡಿದೆ. ಮೊದಲು ನಂಬದ ಸದಸ್ಯರು, 1677ರಲ್ಲಿ ಹುಕ್ ಅದೇ ಪ್ರಯೋಗ ಮಾಡಿ ತೋರಿಸಿದ ಮೇಲೆ ನಂಬಿದರು. ಆದರೆ ಮಸೂರ ಉಜ್ಜುವ ತನ್ನ ಅತ್ಯುತ್ತಮ ವಿಧಾನವನ್ನು ಲೇವನ್‌ಹುಕ್ ಯಾರಿಗೂ ಹೇಳಿಕೊಡಲಿಲ್ಲ. ಅವನು ಹೋದ ಮೇಲೆ ನೂರು ವರ್ಷ ಈ ವಿದ್ಯೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು.

ಎರಡು ಎಳೆ ಎರಡಾಗಿಯೇ ಕಾಣಬೇಕು

ಮುಂದಿನ ಹೆಜ್ಜೆ 1830ರದು. ಗಾಜಿನ ಅಂಚಿನಲ್ಲಿ ಕಾಮನಬಿಲ್ಲಿನಂತೆ ಒಡೆಯುವ ಬಣ್ಣದ ದೋಷವನ್ನು ನಿವಾರಿಸುವ ಮಸೂರಗಳನ್ನು ಚಿತ್ರ ಮಸುಕಾಗದಂತೆ ಜೋಡಿಸುವ ಬಗೆಯನ್ನು ಇಂಗ್ಲೆಂಡಿನ ಜೋಸೆಫ್ ಜಾಕ್ಸನ್ ಲಿಸ್ಟರ್ ಆಗ ವಿವರಿಸಿದ. 1873ರಲ್ಲಿ ಜರ್ಮನಿಯ ಯೇನಾದಲ್ಲಿ, ಕಾರ್ಲ್ ಜೈಸ್ ಕಂಪನಿಯ ಜೊತೆ ಕೆಲಸ ಮಾಡುತ್ತಿದ್ದ ಎರ್ನ್‌ಸ್ಟ್ ಅಬ್ಬೆ ಇನ್ನೂ ದೊಡ್ಡ ಸಂಗತಿ ಹೇಳಿದ. ಮಸೂರ ಎಷ್ಟೇ ಚೊಕ್ಕವಾಗಿರಲಿ, ಬೆಳಕಿನ ತರಂಗದ ಅಳತೆಯೇ ಒಂದು ಗಡಿ ಹಾಕುತ್ತದೆ; ಸುಮಾರು 0.2 ಮೈಕ್ರಾನಿಗಿಂತ ಹತ್ತಿರ ಇರುವ ಎರಡು ಚುಕ್ಕೆ ಒಂದೇ ಚುಕ್ಕೆಯಾಗಿ ಕಾಣುತ್ತವೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗವಂತಿ, ಮುರ್ಗಿ ಹೊಲಿಗೆಗಳಿಗೆ ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳುವುದಿಲ್ಲ; ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಎರಡು ಎಳೆ ಕಣ್ಣಿಗೆ ಒಂದಾಗಿ ಕಂಡರೆ, ಬಟ್ಟೆಯನ್ನು ಎಷ್ಟು ಹತ್ತಿರ ಹಿಡಿದರೂ ಲೆಕ್ಕ ತಪ್ಪುತ್ತದೆ, ಗೋಪುರದ ಚಿತ್ತಾರ ವಾರೆಯಾಗುತ್ತದೆ. ಮಸುಕಾದ ಚಿತ್ರವನ್ನು ಹಿಗ್ಗಿಸಿದರೆ ದೊಡ್ಡ ಮಸುಕು ಸಿಗುತ್ತದೆ, ಅಷ್ಟೆ. ಆದ್ದರಿಂದಲೇ ಕಾಲೇಜಿನ ಸೂಕ್ಷ್ಮದರ್ಶಕ ಇಂದಿಗೂ 1000 ಪಟ್ಟಿಗೆ ನಿಲ್ಲುತ್ತದೆ: ಕಣ್ಣಿನ ಕಡೆಯ ಮಸೂರ 10, ಸ್ಲೈಡಿನ ಕಡೆಯದು 100. ಈ 100ರ ಮಸೂರಕ್ಕೂ ಸ್ಲೈಡಿಗೂ ನಡುವೆ ಒಂದು ಹನಿ ಎಣ್ಣೆ ಬೇಕು. ಗಾಜಿನಿಂದ ಗಾಳಿಗೆ ಬರುವಾಗ ಬೆಳಕು ಬಾಗಿ ಚದುರುತ್ತದೆ. ಗಾಜಿನಷ್ಟೇ ಬಾಗಿಸುವ ಎಣ್ಣೆ ನಡುವೆ ಇದ್ದರೆ ಬೆಳಕು ನೇರ ಮಸೂರದೊಳಗೆ ಹೋಗುತ್ತದೆ.

ಬಟ್ಟೆಯ ಬಣ್ಣ ರೋಗಾಣುವಿಗೆ

ಇಷ್ಟಾದರೂ ಬ್ಯಾಕ್ಟೀರಿಯ ನೀರಿನಂತೆ ಪಾರದರ್ಶಕ. ಕೆಲವೇ ಮೈಕ್ರಾನ್ ಉದ್ದದ ಬಣ್ಣವಿಲ್ಲದ ಕಡ್ಡಿಯನ್ನು ಬಣ್ಣವಿಲ್ಲದ ದ್ರವದಲ್ಲಿ ಹುಡುಕುವುದು ಹೇಗೆ? ಉತ್ತರ ಜವಳಿ ಉದ್ಯಮದಿಂದ ಬಂತು. 1856ರಲ್ಲಿ ವಿಲಿಯಂ ಪರ್ಕಿನ್ ಕಲ್ಲಿದ್ದಲ ಡಾಂಬರಿನ ಪದಾರ್ಥದಿಂದ ನೇರಳೆ ಬಣ್ಣ ತೆಗೆದ ಮೇಲೆ ಯುರೋಪಿನ ಕಾರ್ಖಾನೆಗಳು ಬಟ್ಟೆಗಾಗಿ ಒಂದರ ಹಿಂದೊಂದು ಕೃತಕ ಬಣ್ಣ ಹೊರತಂದವು. 1876ರಲ್ಲಿ ಮೆಥಿಲೀನ್ ನೀಲಿ ಬಂತು. ಈ ಬಣ್ಣಗಳು ಕೆಲವು ಜೀವಕಣಗಳಿಗೆ ಅಂಟುತ್ತವೆ, ಕೆಲವಕ್ಕೆ ಅಂಟುವುದಿಲ್ಲ ಎಂಬುದನ್ನು ಜರ್ಮನ್ ವೈದ್ಯರು ಕಂಡುಕೊಂಡರು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ವೈದ್ಯ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ತೋರಿಸಿದ್ದು ಮೆಥಿಲೀನ್ ನೀಲಿಯಿಂದಲೇ. ಮೇಣದಂಥ ಹೊರಪೊರೆ ಇರುವ ಆ ಜೀವಿಗೆ ಬಣ್ಣ ಬೇಗ ಹತ್ತುವುದಿಲ್ಲ, ಹತ್ತಿದ ಮೇಲೆ ಆಮ್ಲ ಹಾಕಿದರೂ ಬಿಡುವುದಿಲ್ಲ. ಈ ಹಟವನ್ನೇ ಅದರ ಗುರುತಾಗಿ ಮಾಡಿಕೊಂಡ ವಿಧಾನಕ್ಕೆ ತ್ಸೀಲ್ ಮತ್ತು ನೀಲ್ಸೆನ್ ಎಂಬಿಬ್ಬರ ಹೆಸರಿದೆ. 1884ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ರೂಪಿಸಿದ ಬಣ್ಣದ ಪರೀಕ್ಷೆ ಬ್ಯಾಕ್ಟೀರಿಯಗಳನ್ನು ಎರಡು ದೊಡ್ಡ ಗುಂಪಾಗಿ ಒಡೆಯಿತು: ನೇರಳೆ ಬಣ್ಣ ಹಿಡಿದಿಟ್ಟುಕೊಳ್ಳುವವು, ಬಿಟ್ಟುಕೊಡುವವು. ಸೂಕ್ಷ್ಮಜೀವಿ ಶಾಸ್ತ್ರದ ಮೊದಲ ಪಾಠಗಳಲ್ಲಿ ವಿದ್ಯಾರ್ಥಿ ಇಂದಿಗೂ ಮಾಡುವುದು ಇದನ್ನೇ.

ಭಾರತದ ಸ್ಲೈಡುಗಳು

ಕಾಖ್ 1883ರ ಕೊನೆಗೆ ಕಲ್ಕತ್ತೆಗೆ ಬಂದ. ಕಾಲರಾ ರೋಗಿಗಳ ಕರುಳಿನಲ್ಲಿ ಅಲ್ಪವಿರಾಮದಂತೆ ಬಾಗಿದ ರೋಗಾಣುವನ್ನು ಗುರುತಿಸಿ, ಅದನ್ನೇ ಜನ ಬಳಸುವ ಕೆರೆಯ ನೀರಿನಲ್ಲೂ ಕಂಡ. ವೈದ್ಯ ರೊನಾಲ್ಡ್ ರಾಸ್ 1895ರಲ್ಲಿ ಕಾಲರಾ ಹತೋಟಿಗೆಂದು ಬೆಂಗಳೂರಿಗೆ ನಿಯುಕ್ತನಾಗಿದ್ದ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡುಹಿಡಿದ.

ಉತ್ತರ ಕರ್ನಾಟಕದ ಬರದ ಸೀಮೆಯಲ್ಲಿ, ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಿದ್ದಲ್ಲಿ, ನಾರುಹುಣ್ಣು ಹಿರಿಯರಿಗೆ ಗೊತ್ತಿದ್ದ ಪೀಡೆ. ಹುಣ್ಣಿನಿಂದ ಹೊರಬರುವ ಹುಳು ಗೇಣುಗಟ್ಟಲೆ ಉದ್ದ, ಬರಿಗಣ್ಣಿಗೇ ಕಾಣುತ್ತದೆ. ಅದರ ಮರಿಗಳು ಮಾತ್ರ ಕಣ್ಣಿಗೆ ಬೀಳದಷ್ಟು ಸಣ್ಣವು. ನೀರಿಗೆ ಬಿದ್ದ ಅವನ್ನು ಸೈಕ್ಲಾಪ್ಸ್ ಎಂಬ ಮಿಲಿಮೀಟರ್ ಗಾತ್ರದ ಜೀವಿ ನುಂಗುತ್ತದೆ, ಆ ನೀರನ್ನು ಮನುಷ್ಯ ಕುಡಿಯುತ್ತಾನೆ. ಸುಮಾರು 1870ರ ಹೊತ್ತಿಗೆ ರಷ್ಯದ ಅಲೆಕ್ಸಿ ಫೆಡ್ಚೆಂಕೊ ಈ ನಂಟನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ನಡುವಿನ ಕೊಂಡಿ ತಿಳಿದ ಮೇಲೆ ಪರಿಹಾರ ಸರಳ: ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿದರೆ ಸೈಕ್ಲಾಪ್ಸ್ ಬಟ್ಟೆಯಲ್ಲೇ ಉಳಿಯುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧವೂ ಇಲ್ಲ. ಸೋಸುವ ಬಟ್ಟೆ, ಬಾವಿಗಳ ಸುಧಾರಣೆ, ಕೊಳವೆಬಾವಿಗಳಂಥ ಕ್ರಮಗಳಿಂದಲೇ ಅದು ಹೋಯಿತು. ದೇಶದ ಕೊನೆಯ ಪ್ರಕರಣ 1996ರದು. 2000ದಲ್ಲಿ ಭಾರತ ನಾರುಹುಣ್ಣು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಕ್ಷಯದ ವಿಷಯದಲ್ಲಿ ಕರ್ನಾಟಕದ ಪಾಲು ಇನ್ನೂ ದೊಡ್ಡದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಅರ್ಧ ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕೆಮ್ಮಿನ ಔಷಧ ಇಸಿದುಕೊಂಡು ವಾಪಸು ಬಂದಿದ್ದರೆಂದು ತಿಳಿಯಿತು. ರೋಗಿಯನ್ನು ಹುಡುಕಿಕೊಂಡು ಎಕ್ಸ್‌ರೇ ವ್ಯಾನು ಊರೂರು ಸುತ್ತಬೇಕಿಲ್ಲ, ರೋಗಿ ಬರುವ ಜಾಗದಲ್ಲೇ ಸೂಕ್ಷ್ಮದರ್ಶಕ ಇರಲಿ ಎಂಬ ನೀತಿಗೆ ಇದೇ ಬುನಾದಿ. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ಕಫ ಪರೀಕ್ಷೆ ಬೇರೂರಿದ್ದು ಹೀಗೆ.

ಆ ಪರೀಕ್ಷೆಯನ್ನು ಹತ್ತಿರದಿಂದ ನೋಡಬೇಕು. ಲ್ಯಾಬ್ ಟೆಕ್ನಿಷಿಯನ್ ಕಫದ ಹಳದಿ ಗಟ್ಟಿ ಭಾಗವನ್ನು ಆರಿಸಿ ಸ್ಲೈಡಿನ ಮೇಲೆ ತೆಳ್ಳಗೆ ಸವರುತ್ತಾರೆ, ಒಣಗಿಸುತ್ತಾರೆ, ಉರಿಯ ಮೇಲೆ ಹಾಯಿಸುತ್ತಾರೆ. ಕೆಂಪು ಕಾರ್ಬಾಲ್ ಫುಕ್ಸಿನ್ ಸುರಿದು ಕೆಳಗಿನಿಂದ ಬಿಸಿ ಕೊಡುತ್ತಾರೆ. ಹಬೆ ಏಳಬೇಕು, ಕುದಿಯಬಾರದು. ಆಮೇಲೆ ಗಂಧಕಾಮ್ಲದಲ್ಲಿ ತೊಳೆದರೆ ಕ್ಷಯದ ಕಡ್ಡಿಗಳಂಥ ಕೆಲವೇ ಜೀವಿಗಳ ಹೊರತು ಬೇರೆಲ್ಲದರ ಕೆಂಪು ಇಳಿದುಹೋಗುತ್ತದೆ. ಕೊನೆಗೆ ಮೆಥಿಲೀನ್ ನೀಲಿ. ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿ ಕಂಡರೆ ಬಹುತೇಕ ಕ್ಷಯವೇ. ಇಲ್ಲ ಎನ್ನಬೇಕಾದರೆ ಕನಿಷ್ಠ 100 ನೋಟಗಳನ್ನು ಒಂದೊಂದಾಗಿ ಸರಿಸಿ ನೋಡಿರಬೇಕು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣುಗಳಿದ್ದರಷ್ಟೇ ಈ ಪರೀಕ್ಷೆಗೆ ಸಿಗುತ್ತವೆ ಎಂಬುದು ಅದರ ಮಿತಿ.

ಬೆಳಕಿನ ಆಚೆಗೆ

ಬಹುತೇಕ ವೈರಸ್ಸುಗಳು ಅಬ್ಬೆ ಹೇಳಿದ ಗಡಿಯ ಕೆಳಗೆ ಬರುತ್ತವೆ. 1931ರಲ್ಲಿ ಬರ್ಲಿನ್ನಿನಲ್ಲಿ ಎರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಳಸಿದ ಮೇಲೆ ಆ ಗಡಿ ದಾಟುವ ದಾರಿ ತೆರೆಯಿತು; 1939ರಲ್ಲಿ ತಂಬಾಕಿನ ಎಲೆಯ ಮಚ್ಚೆ ರೋಗದ ವೈರಸ್ಸಿನ ಚಿತ್ರ ಬಂತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸತ್ತಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಬೇರ್ಪಡಿಸಿದ್ದು ಇಂಥದೇ ಅತಿಸಣ್ಣ ವೈರಸ್ಸನ್ನು. ಅದೇ ಸಂಸ್ಥೆ 2020ರಲ್ಲಿ ಭಾರತದ ಮೊದಲ ಕೊರೊನಾ ರೋಗಿಯ ಮಾದರಿಯಿಂದ ವೈರಸ್ಸಿನ ಚಿತ್ರ ತೆಗೆಯಿತು. ಎಲೆಕ್ಟ್ರಾನ್ ಉಪಕರಣಕ್ಕೆ ನಿರ್ವಾತ ಬೇಕು, ಹಾಗಾಗಿ ಜೀವಂತ ಜೀವಿ ಅಲ್ಲಿ ಕಾಣಸಿಗದು. ಬೆಳಕಿನಲ್ಲೇ ಅಬ್ಬೆಯ ಗಡಿಯನ್ನು ಉಪಾಯದಿಂದ ದಾಟಿದ ಮೂವರಿಗೆ 2014ರ ರಸಾಯನಶಾಸ್ತ್ರ ನೊಬೆಲ್ ಬಂತು.

ಇದೇ ಜಿಲ್ಲೆಯಲ್ಲಿ

ಸೂಕ್ಷ್ಮಜೀವಿಗಳ ಅತಿ ಹಳೆಯ ಗುರುತು ನೋಡಲು ಬಾಗಲಕೋಟೆಯವರಿಗೆ ಮಸೂರವೇ ಬೇಡ. ಇಲ್ಲಿನ ಸುಣ್ಣದಕಲ್ಲು ಮತ್ತು ಡಾಲಮೈಟ್ ಬಂಡೆಗಳಲ್ಲಿ ಪದರಪದರವಾಗಿ ಉಬ್ಬಿದ ಸ್ಟ್ರೊಮ್ಯಾಟೊಲೈಟ್ ರಚನೆಗಳಿವೆ. ನೂರು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರದಲ್ಲಿ ಹಾಸಿಕೊಂಡಿದ್ದ ಸಯನೋಬ್ಯಾಕ್ಟೀರಿಯಗಳು ಕೆಸರು ಹಿಡಿದು ಕಟ್ಟಿದವು ಅವು. ಭೂವಿಜ್ಞಾನಿಗಳು ಇವುಗಳಿರುವ ಕೆಳಗಿನ ಸ್ತರಕ್ಕೆ ಬಾಗಲಕೋಟೆಯ ಹೆಸರನ್ನೂ, ಗುಹಾಲಯಗಳ ಮರಳುಗಲ್ಲಿರುವ ಮೇಲಿನ ಸ್ತರಕ್ಕೆ ಬಾದಾಮಿಯ ಹೆಸರನ್ನೂ ಕೊಟ್ಟಿದ್ದಾರೆ. ಆ ಜೀವಿಗಳ ಇಂದಿನ ಬಂಧುಗಳು ಕೆರೆಯ ಹಸಿರು ನೀರಿನಲ್ಲಿವೆ. ಒಂದು ಹನಿಯನ್ನು 400 ಪಟ್ಟಿನಲ್ಲಿ ನೋಡಿದರೆ ಮಣಿಸರದಂಥ ಎಳೆಗಳು ಸಿಗಬಹುದು.

ಬಂಡೆಯಿಂದ ತೋಟಕ್ಕೆ ಬಂದರೆ, ಜಿಲ್ಲೆಯ ರೈತರಿಗೆ ಹೆಚ್ಚು ಬಿಸಿ ತಟ್ಟಿಸಿದ್ದು ದಾಳಿಂಬೆಯ ದುಂಡಾಣು (ಬ್ಯಾಕ್ಟೀರಿಯ) ಅಂಗಮಾರಿ. ಎಲೆಯಲ್ಲಿ ಎಣ್ಣೆ ಬಿದ್ದಂಥ ಚುಕ್ಕೆ, ಹಣ್ಣಿನಲ್ಲಿ ನಕ್ಷತ್ರದಂತೆ ಸೀಳು. ಶಿಲೀಂಧ್ರದ ಚುಕ್ಕೆಯೂ ಬರಿಗಣ್ಣಿಗೆ ಹೀಗೆಯೇ ಕಂಡೀತು, ಔಷಧ ಮಾತ್ರ ಬೇರೆ. ಚುಕ್ಕೆಯ ಅಂಚಿನಿಂದ ಸಣ್ಣ ಚೂರು ಕತ್ತರಿಸಿ, ನೀರಿನ ಹನಿಯಲ್ಲಿಟ್ಟು, ಕವರ್‌ಸ್ಲಿಪ್ ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಾಣುಗಳು ಚೂರಿನ ಅಂಚಿನಿಂದ ಬೂದುಬಣ್ಣದ ಪ್ರವಾಹವಾಗಿ ಹೊರಹೊಮ್ಮುತ್ತವೆ. ಬಣ್ಣ ಬೇಡ, ಕೆಲವೇ ನಿಮಿಷದ ಕೆಲಸ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂದಿರುವುದರಿಂದ ಇಂಥ ಪರೀಕ್ಷೆ ಕಲಿತವರು ಜಿಲ್ಲೆಯಲ್ಲೇ ತಯಾರಾಗುತ್ತಿದ್ದಾರೆ.

ಉಪಕರಣದ ಬೆಲೆಯೂ ಈಗ ದೊಡ್ಡ ಅಡ್ಡಿಯಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ತಂಡ 2014ರಲ್ಲಿ ಪ್ರಕಟಿಸಿದ ಫೋಲ್ಡ್‌ಸ್ಕೋಪ್, ಕಾಗದ ಮಡಿಚಿ ಮಾಡುವ ಸೂಕ್ಷ್ಮದರ್ಶಕ. ಲೇವನ್‌ಹುಕ್‌ನದರಂತೆಯೇ ಒಂದೇ ಪುಟ್ಟ ಮಸೂರ, ಸುಮಾರು 140 ಪಟ್ಟು. ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆ ಇದನ್ನು ದೇಶದ ಶಾಲೆ ಕಾಲೇಜುಗಳಿಗೆ ಮುಟ್ಟಿಸುವ ಯೋಜನೆಯನ್ನೇ ಮಾಡಿತು.

ಯಂತ್ರ ಬಂದ ಮೇಲೆ

ಕ್ಷಯಪತ್ತೆಯಲ್ಲಿ ಈಗ ರೋಗಾಣುವಿನ ಡಿಎನ್‌ಎ ಹುಡುಕುವ ಯಂತ್ರಗಳೇ ಮುಂದೆ. ಕಡಿಮೆ ರೋಗಾಣು ಇದ್ದರೂ ಅವು ಹಿಡಿಯುತ್ತವೆ, ಔಷಧಕ್ಕೆ ಬಗ್ಗದ ತಳಿಯನ್ನೂ ತೋರಿಸುತ್ತವೆ. ಹಾಗೆಂದು ಸೂಕ್ಷ್ಮದರ್ಶಕವನ್ನು ಕಪಾಟಿಗೆ ಸೇರಿಸುವಂತಿಲ್ಲ. ಸತ್ತ ರೋಗಾಣುವಿನ ಡಿಎನ್‌ಎ ಕೂಡ ಯಂತ್ರಕ್ಕೆ ಸಿಗುವುದರಿಂದ, ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಮತ್ತೆ ಕಫದ ಸ್ಲೈಡನ್ನೇ ನೋಡುವುದು ವಾಡಿಕೆ. ಇನ್ನೊಂದು ಕಾರಣವೂ ಇದೆ. ಯಂತ್ರ ತನ್ನನ್ನು ಕೇಳಿದ ರೋಗಾಣು ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಸ್ಲೈಡಿನಲ್ಲಿ ಯಾರೂ ಕೇಳದಿದ್ದುದೂ ಕಾಣಬಹುದು. ಹುನಗುಂದ, ಇಳಕಲ್ಲಿನಂಥ ಊರುಗಳ ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳು ಪುಸ್ತಕದ ಚಿತ್ರವನ್ನು ರೆಕಾರ್ಡಿಗೆ ನಕಲು ಮಾಡುವುದಕ್ಕಿಂತ ತಮ್ಮೂರ ಕೆರೆ, ಮೊಸರು, ದಾಳಿಂಬೆ ಎಲೆಯ ಸ್ಲೈಡು ಮಾಡಿ ಕಂಡಷ್ಟನ್ನೇ ಬರೆದರೆ ಅಂಥದ್ದನ್ನು ಗುರುತಿಸುವ ಕಣ್ಣು ತಯಾರಾಗುತ್ತದೆ. ಅದಕ್ಕೆ ಹೊಸ ಯಂತ್ರ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಪ್ರಯೋಗದ ತಾಸು ನಿಜವಾಗಿ ಪ್ರಯೋಗಕ್ಕೇ ಸಿಗಬೇಕು.