ಕುರುಬ, ಕಾಪರಿ, ಪಾಲು: ದೇವರ ಗುಣಚಿಂತನೆ ಮತ್ತು ಕನ್ನಡ ಕ್ರೈಸ್ತರ ಸಾಂತ್ವನದ ಮಾತು

ಹೈದರಾಬಾದು ನಗರದ ವಾಯವ್ಯದಲ್ಲಿರುವ ಕೂಕಟ್‌ಪಲ್ಲಿಯ ನಡುವೆ ಹಾದುಹೋಗುವ ಮುಂಬಯಿ ಹೆದ್ದಾರಿಯು ಪಟಾನ್‌ಚೆರು, ಸಂಗಾರೆಡ್ಡಿಗಳನ್ನು ದಾಟಿ ಜಹೀರಾಬಾದನ್ನು ಮುಟ್ಟುತ್ತದೆ. ಅಲ್ಲಿಂದ ಬೀದರು ದೂರವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರು, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಬೀದರು ಜಿಲ್ಲೆಗೆ ಸೇರಿದ್ದ ಜಹೀರಾಬಾದು, ನಾರಾಯಣಖೇಡಗಳು ಆ ವರ್ಷ ತೆಲುಗು ರಾಜ್ಯಕ್ಕೆ ಹೋದುವು. ಅಮೆರಿಕದ ಮೆಥಡಿಸ್ಟ್ ಮಿಶನ್ನು ಬೀದರಿನಲ್ಲಿಯೂ ವಿಕಾರಾಬಾದಿನಲ್ಲಿಯೂ, ಎಂದರೆ ಈ ಗಡಿಯ ಎರಡು ಬದಿಗಳಲ್ಲಿಯೂ, ಸಭೆಗಳನ್ನು ಕಟ್ಟಿತ್ತು. ಹೀಗಿರುವಾಗ ಬೀದರಿನ ಕಡೆಯಿಂದ ಬಾಲಾನಗರ–ಕೂಕಟ್‌ಪಲ್ಲಿಯ ಕಾರ್ಖಾನೆಗಳಿಗೆ ದುಡಿಮೆಗೆಂದು ಬಂದು ನೆಲಸಿದ ಕನ್ನಡ ಮನೆಮಾತಿನ ಕ್ರೈಸ್ತ ಕುಟುಂಬವೊಂದನ್ನು ಕಲ್ಪಿಸಿಕೊಳ್ಳಬಹುದು. ಭಾನುವಾರದ ಆರಾಧನೆ ತೆಲುಗಿನಲ್ಲಿ; ಮನೆಯ ಹಿರಿಯರ ಪ್ರಾರ್ಥನೆ ಕನ್ನಡದಲ್ಲಿ. ಮನೆಯಲ್ಲಿ ಸಾವು ಸಂಭವಿಸಿದಾಗ ದೇವರು ಎಂಥವನೆಂಬುದನ್ನು ನೆನೆದು ನೆಮ್ಮದಿ ಕಂಡುಕೊಳ್ಳುವುದು ಕ್ರೈಸ್ತ ಭಕ್ತಿಯ ಬಹು ಹಳೆಯ ರೂಢಿ. ಆದರೆ ಆ ನೆನಹು ನಡೆಯುವುದು ಪದಗಳಲ್ಲಿ, ಮತ್ತು ಈ ಎರಡು ಭಾಷೆಗಳ ಪದಗಳು ದುಃಖಿಯ ಎದುರಿಗೆ ಒಂದೇ ದೇವರ ಎರಡು ಮುಖಗಳನ್ನು ತಂದಿರಿಸುತ್ತವೆ. ಪ್ರಸ್ತುತ ಲೇಖನದಲ್ಲಿ ನಾವು ಈ ಪದಗಳ ಚರಿತ್ರೆಯನ್ನು ಕಿಂಚಿತ್ತು ಪರಿಶೀಲಿಸಬಯಸುತ್ತೇವೆ.

ಕನ್ನಡ ಸತ್ಯವೇದವು ಹುಟ್ಟಿದ್ದೂ ಇಂಥದೇ ದ್ವಿಭಾಷಾ ನೆಲದಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದನು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಕನ್ನಡ ತೆಲುಗುಗಳೆರಡೂ ಬೀದಿಯ ಮಾತುಗಳು. ಹ್ಯಾಂಡ್ಸ್ ಮತ್ತು ನಿಘಂಟುಕಾರ ವಿಲಿಯಂ ರೀವ್ ಇವರ ಶ್ರಮದಿಂದ 1830ರ ದಶಕದ ಆರಂಭದ ವೇಳೆಗೆ ಇಡೀ ಗ್ರಂಥ ಕನ್ನಡಕ್ಕೆ ಬಂದಿತು. ಅದೇ ಮಿಶನ್ನು 1805ರಿಂದ ವಿಶಾಖಪಟ್ಟಣದಲ್ಲಿ ತೆಲುಗು ಅನುವಾದದ ಕೆಲಸಕ್ಕೆ ತೊಡಗಿದ್ದಿತು. ಬಳ್ಳಾರಿಯ ಪಠ್ಯವನ್ನು ಮುಂದೆ ಹಲವರು ತಿದ್ದಿದರು; ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಅವರಲ್ಲೊಬ್ಬ. ಈಗ ‘ಹಳೆಯ ಅನುವಾದ’ವೆಂದು ಬಳಕೆಯಲ್ಲಿರುವುದು ಈ ತಿದ್ದುಪಡಿಗಳ ಫಲ. ಆದಕಾರಣ ಮುಂದೆ ಹೇಳುವ ಪದಗಳನ್ನು ಯಾವನೊಬ್ಬ ಪಾದ್ರಿಯ ಆಯ್ಕೆಯೆಂದು ತಿಳಿಯಬಾರದು. ಅನೇಕ ಮುನಷಿಗಳ, ಪಂಡಿತರ, ಸಭಿಕರ ಕಿವಿಗಳು ಅವುಗಳನ್ನು ಒಪ್ಪಿವೆ.

ದೇವರ ಗುಣಗಳ ಪಟ್ಟಿಯೊಂದು ವಿಮೋಚನಕಾಂಡದ 34ನೆಯ ಅಧ್ಯಾಯದಲ್ಲಿ ದೇವರ ಬಾಯಿಂದಲೇ ಬರುತ್ತದೆ. ಬಂಗಾರದ ಕರುವಿನ ಪ್ರಸಂಗದ ತರುವಾಯ, ಒಡಂಬಡಿಕೆ ಮುರಿದುಬಿದ್ದ ಹೊತ್ತಿನಲ್ಲಿ, ಅದು ಬಂದಿದೆಯೆಂಬುದನ್ನು ಮರೆಯಬಾರದು. ಹೀಬ್ರೂ ಗ್ರಂಥದುದ್ದಕ್ಕೂ ಭಕ್ತರು ಆ ಪಟ್ಟಿಯನ್ನೇ ಕಷ್ಟದಲ್ಲಿ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ: 86, 103, 145ನೆಯ ಕೀರ್ತನೆಗಳಲ್ಲಿ, ನೆಹೆಮೀಯನಲ್ಲಿ, ಯೋವೇಲನಲ್ಲಿ. ಯೋನನು ಮಾತ್ರ ಅದನ್ನು ದೂರಿನಂತೆ ಉಚ್ಚರಿಸುತ್ತಾನೆ. ಶತ್ರುನಗರವನ್ನು ಉಳಿಸಿದ ಕರುಣೆ ಅವನಿಗೆ ರುಚಿಸಲಿಲ್ಲ. ಪಟ್ಟಿಯಲ್ಲಿರುವ ‘ರಹೂಮ್’ ಎಂಬ ಗುಣವಾಚಕವು ತಾಯಿಯ ಗರ್ಭವನ್ನು ಹೇಳುವ ಪದಕ್ಕೆ ಸಂಬಂಧಿಸಿದ್ದು. ಕನ್ನಡ ತೆಲುಗುಗಳೆರಡೂ ಇದಕ್ಕೆ ‘ಕನಿಕರ’ವನ್ನು ಹಿಡಿದುವು. ಇನ್ನೊಂದು ಪದವು ಅಕ್ಷರಶಃ ‘ಉದ್ದ ಮೂಗಿನವನು’ ಎಂಬರ್ಥದ್ದು. ಹೀಬ್ರೂವಿನಲ್ಲಿ ಮೂಗು ಕೋಪದ ನೆಲೆ. ಉಸಿರು ಬಿಸಿಯಾಗಲು ಬಹಳ ಹೊತ್ತು ಹಿಡಿಯುವವನು ಎಂದು ತಾತ್ಪರ್ಯ. ಗ್ರೀಕರು ಇದನ್ನು ‘ದೀರ್ಘ ಮನಸ್ಸಿನವನು’ ಎಂದು ಮಾಡಿಕೊಂಡರು. ಕನ್ನಡ ತೆಲುಗುಗಳಲ್ಲಿ ಅದು ‘ದೀರ್ಘಶಾಂತ’ವಾಯಿತು. ಸಂಸ್ಕೃತದ ಎರಡು ಪದಗಳಿಂದ ಕಟ್ಟಿದ್ದಾದರೂ ಈ ಸಮಾಸವು ಚರ್ಚಿನ ಹೊರಗೆ ಅಷ್ಟಾಗಿ ಕೇಳಿಬರುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಗೌರವಾರ್ಹವಾದ ಆದರೆ ತಣ್ಣಗಿನ ಪದ. ‘ಕನಿಕರ’ಕ್ಕೆ ಇರುವ ಬಿಸುಪು ಇದಕ್ಕಿಲ್ಲ.

ಗುಣಗಳನ್ನು ನೆನೆಯುವ ಕ್ರಿಯೆಗೆ ಕನ್ನಡದಲ್ಲಿ ‘ಧ್ಯಾನಿಸು’ ಎಂಬ ಪದ ನಿಂತಿದೆ. ಮೊದಲನೆಯ ಕೀರ್ತನೆಯಲ್ಲಿ ಈ ಸ್ಥಾನದಲ್ಲಿರುವ ಹೀಬ್ರೂ ಧಾತು ‘ಹಾಗಾ’. ಯೆಶಾಯನ ಗ್ರಂಥದಲ್ಲಿ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ನರಳಿಕೆಗೂ ಇದೇ ಧಾತು ಬಳಕೆಯಾಗಿದೆ. ಎಂದ ಮೇಲೆ ಕಣ್ಣು ಮುಚ್ಚಿ ಮೌನವಾಗಿ ಕೂರುವುದಕ್ಕಿಂತ ಬಾಯೊಳಗೆ ಗುನುಗಿಕೊಳ್ಳುವುದು ಇದರ ಅರ್ಥಕ್ಕೆ ಹತ್ತಿರ. ‘ಧ್ಯಾನ’ವೆಂಬ ಯೋಗಪರಂಪರೆಯ ಪದವು ಓದುಗನನ್ನು ಬೇರೊಂದು ಭಂಗಿಯಲ್ಲಿ ಕೂರಿಸಿತು. ಆದರೂ ರೂಢಿ ಪದವನ್ನು ಮೀರಿದೆಯೆನ್ನಬೇಕು. ಹರಿದಾಸರ ಪದಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಭಗವಂತನ ಗುಣವನ್ನು ಹಾಡದೆ ಬರಿದೆ ಯೋಚಿಸುವುದು ಸುಲಭವಲ್ಲ. ಆ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದವನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗನೇ. ಕಿಟ್ಟೆಲನು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ದೇಶೀಯ ಛಂದಸ್ಸಿಗೆ ತಂದುದೂ ಈ ಅರಿವಿನಿಂದಲೇ ಇರಬೇಕು.

ಕ್ರಿ.ಪೂ. 586ರಲ್ಲಿ ಯೆರೂಸಲೇಮು ಬಿದ್ದ ಮೇಲಿನ ಶೋಕಗೀತೆಗಳನ್ನು ಕನ್ನಡದಲ್ಲಿ ‘ಪ್ರಲಾಪಗಳು’ ಎನ್ನುತ್ತೇವೆ. ಹಸಿವು, ಸೆರೆ, ಹಾಳುಬಿದ್ದ ಗುಡಿ, ಇವುಗಳ ನಡುವೆ ಮೂರನೆಯ ಅಧ್ಯಾಯದಲ್ಲಿ ಗೋಳಿಡುವವನು ಒಮ್ಮೆಗೇ ದೇವರ ಗುಣವನ್ನು ಮನಸ್ಸಿಗೆ ತಂದುಕೊಂಡು ಆತನನ್ನೇ ತನ್ನ ‘ಪಾಲು’ ಎನ್ನುತ್ತಾನೆ. ತೆಲುಗಿನಲ್ಲಿ ಇದು ‘ಭಾಗಮು’. ಮೂಲದಲ್ಲಿ ಇದರ ಹಿನ್ನೆಲೆ ಲೇವಿಯರದು. ನೆಲದ ಹಂಚಿಕೆಯಲ್ಲಿ ಏನೂ ಸಿಗದ ಅವರಿಗೆ ದೇವರೇ ಸ್ವಾಸ್ತ್ಯ. ಆದರೆ ಕನ್ನಡದ ಕಿವಿಗೆ ಪಾಲೆಂದರೆ ಅಣ್ಣತಮ್ಮಂದಿರ ನಡುವಿನ ಪಾಲು, ಅವಿಭಕ್ತ ಕುಟುಂಬದ ಆಸ್ತಿ, ಮನೆಯ ನಡುವೆ ಎದ್ದ ಗೋಡೆ. ಹತ್ತೊಂಬತ್ತನೆಯ ಶತಮಾನದ ಮತಾಂತರಿತನಿಗೆ ಇದು ಅಲಂಕಾರದ ಮಾತಾಗಿರಲಿಲ್ಲ. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯನು ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ಗಲಭೆಯೇ ಎದ್ದಿತು. ಜಾತಿ ಬಿಟ್ಟವನ ಪಿತ್ರಾರ್ಜಿತದ ಹಕ್ಕನ್ನು ಬ್ರಿಟಿಷ್ ಆಡಳಿತ ಪ್ರದೇಶದಲ್ಲೆಲ್ಲ ರಕ್ಷಿಸುವ ಕಾಯಿದೆ ಬಂದುದು 1850ರಲ್ಲಿ, ಆತನ ದೀಕ್ಷೆಯಾದ ಆರು ವರ್ಷಗಳ ಮೇಲೆ. ಕಾಯಿದೆ ಬಂದಮಾತ್ರಕ್ಕೆ ತಾಯಿಯ ಅಡುಗೆಮನೆಯ ಬಾಗಿಲು ತೆರೆಯಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ದೇವರನ್ನು ‘ತಂದೆ’ಯೆಂದೂ ತಮ್ಮನ್ನು ‘ಬಾಧ್ಯರು’ ಎಂದೂ ಕರೆದುಕೊಳ್ಳುವ ರೋಮಾಪುರದವರ ಪತ್ರಿಕೆಯ ಮಾತುಗಳನ್ನು ಇಂಥವರು ಓದಿದಾಗ ದೊರೆತ ಸಮಾಧಾನದಲ್ಲಿ ನಷ್ಟದ ಲೆಕ್ಕವೂ ಸೇರಿತ್ತೆಂದು ನಾವು ಊಹಿಸುತ್ತೇವೆ.

ಇನ್ನು 23ನೆಯ ಕೀರ್ತನೆ. ಸಾವಿನ ಮನೆಯಲ್ಲಿ ಹೆಚ್ಚಾಗಿ ಓದುವುದು ಇದನ್ನೇ. ಹಳೆಯ ಕನ್ನಡ ಅನುವಾದದಲ್ಲಿ ದೇವರು ‘ಕುರುಬ’, ತೆಲುಗಿನಲ್ಲಿ ‘ಕಾಪರಿ’. ಈ ವ್ಯತ್ಯಾಸ ಸಣ್ಣದಲ್ಲ. ಕಾಪರಿಯೆಂದರೆ ಕಾಯುವವನು, ಅದು ಕಸುಬಿನ ಹೆಸರಾದರೂ ರಕ್ಷಕನೆಂಬ ಅರ್ಥ ಮೇಲೆದ್ದು ಕಾಣುತ್ತದೆ, ಯಾವ ಕುಲವನ್ನೂ ಅದು ನೇರವಾಗಿ ಸೂಚಿಸುವುದಿಲ್ಲ. ಕನ್ನಡದ ಕುರುಬನಾದರೋ ಗುರುತಿನ ಮನುಷ್ಯ: ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಸುಗ್ಗಿಯಾದ ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ತಂಗಿಸುವವನು, ಬೀರಪ್ಪನ ಒಕ್ಕಲು. ಪ್ರಾಚೀನ ಪಶ್ಚಿಮ ಏಷ್ಯದಲ್ಲಿ ‘ಕುರಿಕಾಯುವವನು’ ಎಂಬುದು ಅರಸರ ಬಿರುದೂ ಆಗಿತ್ತು. ಹಮ್ಮುರಾಬಿ ತನ್ನನ್ನು ಹಾಗೆ ಕರೆದುಕೊಂಡಿದ್ದಾನೆ. ಬಳ್ಳಾರಿ, ಬೀದರುಗಳ ಕೇಳುಗನಿಗೆ ಈ ರಾಜಾರ್ಥ ಹೊಳೆಯುವ ಸಂಭವ ಕಡಿಮೆ. ಅವನಿಗೆ ಹೊಳೆಯುವುದು ಕತ್ತಲ ಕಣಿವೆಯಲ್ಲಿ ಮುಂದೆ ನಡೆಯುತ್ತಿರುವ ತನ್ನೂರಿನ ಒಬ್ಬನ ಕಂಬಳಿ. ಈಚಿನ ಸರಳ ಭಾಷೆಯ ಅನುವಾದವು ಕುಲನಾಮವನ್ನು ಬಿಟ್ಟು ‘ಕುರಿಗಾಹಿ’ಯನ್ನು ತಂದಿದೆ. ಅದರ ಕಾರಣ ಅರ್ಥವಾಗುವಂಥದೇ. ಆದರೂ ದೇವರಿಗೆ ದುಡಿಯುವ ಕುಲವೊಂದರ ಹೆಸರನ್ನೇ ಇಟ್ಟು ಅದರಲ್ಲಿ ಅಭಯ ಕಂಡ ಧೈರ್ಯ ಹಳೆಯ ಪಾಠದ್ದು, ಮತ್ತು ನಮಗೆ ಅದೇ ಹೆಚ್ಚು ಪ್ರಿಯ.

ವ್ಯಾಕರಣದಲ್ಲಿಯೂ ಇಂಥ ಒಂದು ಸೂಕ್ಷ್ಮವಿದೆ. ‘ದೇವರು’ ಕನ್ನಡದಲ್ಲಿ ಗೌರವದ ಬಹುವಚನ ರೂಪ. ತೆಲುಗಿನ ‘ದೇವುಡು’ ಏಕವಚನ. ಹಳೆಯ ಕನ್ನಡ ಅನುವಾದದಲ್ಲಿ ಈ ‘ದೇವರು’ ಏಕವಚನದ ಕ್ರಿಯಾಪದವನ್ನು ತೆಗೆದುಕೊಳ್ಳುತ್ತದೆ: ದೇವರು ಮಾಡಿದನು, ಕೊಟ್ಟನು. ಹೆಸರಿನಲ್ಲಿ ಮರ್ಯಾದೆ, ಕ್ರಿಯೆಯಲ್ಲಿ ಸಲಿಗೆ. ಆಡುಮಾತು ಇಂದಿಗೂ ಹೀಗೆಯೇ ಇದೆ. ‘ದೇವರು ಕಣ್ಣು ಬಿಟ್ಟ’ ಎನ್ನುವವರು ‘ಬಿಟ್ಟರು’ ಎನ್ನುವುದಿಲ್ಲ. ಸರಳ ಭಾಷೆಯ ಅನುವಾದವು ‘ಮಾಡಿದರು’ ಎಂದು ತಿದ್ದಿಕೊಂಡಿದೆ, ‘ಯೆಹೋವ’ನ ಎಡೆಯಲ್ಲಿ ‘ಸರ್ವೇಶ್ವರ’ನನ್ನು ತಂದಿದೆ. ಸಭೆಯಲ್ಲಿ ಇದು ಸಭ್ಯ. ಮಗುವನ್ನು ಮಣ್ಣು ಮಾಡಿ ಬಂದವನು ದೇವರೊಡನೆ ಜಗಳವಾಡಬೇಕಾದಾಗ ಏಕವಚನವೇ ಬಾಯಿಗೆ ಬರುತ್ತದೆ.

ಇಂಥ ಜಗಳಕ್ಕೆ ಕಾರಣಗಳು ಬಳ್ಳಾರಿಯ ಸೀಮೆಯಲ್ಲಿ ಕಡಿಮೆಯಿರಲಿಲ್ಲ. 1876–78ರ ಕ್ಷಾಮವು ಅತಿ ಹೆಚ್ಚು ಬಾಧಿಸಿದ ಜಿಲ್ಲೆಗಳಲ್ಲಿ ಅದೂ ಒಂದು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಜನ ಅದನ್ನು ನೆನೆದರು. ಹಸಿವಿನ ವರ್ಷಕ್ಕೆ ದೇವರದೇ ಹೆಸರು! ದೀರ್ಘಶಾಂತನಾದ ದೇವರ ರಾಜ್ಯದಲ್ಲಿ ಮಕ್ಕಳು ರಸ್ತೆಯ ಬದಿಯಲ್ಲಿ ಸಾಯುವುದೇಕೆ ಎಂಬ ಪ್ರಶ್ನೆಗೆ ಗುಣಗಳ ಪಟ್ಟಿಯನ್ನು ಪಠಿಸುವುದು ಉತ್ತರವಾಗದು. ಯೋಬನ ಗ್ರಂಥ ಇದನ್ನು ಬಲ್ಲದು. ಅವನ ಮೂವರು ಮಿತ್ರರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕುಳಿತದ್ದೇ ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದ ಮೇಲೆ ಅವರು ದೇವರ ನ್ಯಾಯವನ್ನು ಎತ್ತಿಹಿಡಿದು ಆಡಿದ ಮಾತುಗಳಲ್ಲಿ ಹಲವು ಬಿಡಿಯಾಗಿ ನೋಡಿದರೆ ಸರಿಯಾದುವೇ. ಕೊನೆಗೆ ದೇವರು ಕೋಪಿಸಿಕೊಂಡದ್ದು ಅವರ ಮೇಲೆ.

ಯೋಹಾನನ ಸುವಾರ್ತೆಯಲ್ಲಿ ಪವಿತ್ರಾತ್ಮನಿಗೆ ಬಂದಿರುವ ‘ಪರಾಕ್ಲೇಟೋಸ್’ ಎಂಬ ಗ್ರೀಕ್ ಹೆಸರಿನ ಮೂಲಾರ್ಥ ‘ಪಕ್ಕಕ್ಕೆ ಕರೆಯಲ್ಪಟ್ಟವನು’. ಹಳೆಯ ಕನ್ನಡ ಅನುವಾದದಲ್ಲಿ ಅವನು ‘ಸಹಾಯಕ’. ಕಚೇರಿಯ ವಾಸನೆ ಈ ಪದವನ್ನು ಈಗ ಸ್ವಲ್ಪ ಕೆಡಿಸಿದೆ. ತೆಲುಗಿನಲ್ಲಿ ‘ಆದರಣಕರ್ತ’. ತೆಲುಗಿನಲ್ಲಿ ಆದರಣವೆಂದರೆ ಸಂತೈಕೆ, ಆಸರೆ. ಕನ್ನಡದಲ್ಲಿ ಆದರವೆಂದರೆ ಮರ್ಯಾದೆ, ಅತಿಥಿಗೆ ತೋರುವ ಉಪಚಾರ. ಕೂಕಟ್‌ಪಲ್ಲಿಯ ಆರಾಧನೆಯಲ್ಲಿ ಈ ಪದವನ್ನು ಕೇಳುವ ಕನ್ನಡದ ಕಿವಿಗೆ, ದುಃಖಿಯನ್ನು ಮರ್ಯಾದೆಯಿಂದ ಕಾಣುವವನು ಎಂಬ ಅರ್ಥ ಅನುವಾದಕರು ಎಣಿಸದೆಯೇ ಒದಗಿಬರುತ್ತದೆ. ಉತ್ತರ ಕರ್ನಾಟಕದಲ್ಲಿ ಸಾವಿನ ಮನೆಗೆ ಹೋಗುವುದಕ್ಕೆ ‘ಮಾತಾಡಿಸಿಕೊಂಡು ಬರುವುದು’ ಎನ್ನುವುದುಂಟು. ಹೋದವರು ಅಲ್ಲಿ ಆಡುವ ಮಾತು ಅತ್ಯಲ್ಪ. ಯೋಬನ ಕಥೆಯ ಕಡೆಯ ಅಧ್ಯಾಯದಲ್ಲಿ ಸಂತೈಕೆಯ ಹೀಬ್ರೂ ಧಾತುವಾದ ‘ನಹಮ್’ ಮತ್ತೊಮ್ಮೆ ಬರುತ್ತದೆ. ಈ ಬಾರಿ ಬಂದವರು ಅವನ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಹಿಂದಿನ ಪರಿಚಿತರು. ಅವರು ದೇವರ ವಿಷಯದಲ್ಲಿ ಏನನ್ನೂ ವಾದಿಸುವುದಿಲ್ಲ. ಅವನ ಮನೆಯಲ್ಲಿ ಅವನೊಡನೆ ಕುಳಿತು ಊಟಮಾಡಿ, ಒಬ್ಬೊಬ್ಬರೂ ಒಂದೊಂದು ನಾಣ್ಯವನ್ನೂ ಒಂದೊಂದು ಚಿನ್ನದ ಉಂಗುರವನ್ನೂ ಕೊಟ್ಟು ಹೋಗುತ್ತಾರೆ.